ದಿನಾಂಕದ ಮೊಹರು

ಪುಣೆಯ ಅಪ್ಪಾ ಬಳವಂತ ಚೌಕವು ಪುಸ್ತಕ ಹಾಗೂ ಲೇಖನ ಸಾಮಗ್ರಿಗಳಿಗೆ ಹೆಸರಾದುದು. ಅಂತಹ ಅಂಗಡಿಗಳಲ್ಲಿ ದೊರೆಯುವ ದಿನಾಂಕದ ರಬ್ಬರ್ ಮೊಹರು ಗುಮಾಸ್ತರಿಗಷ್ಟೇ ಮೀಸಲೆಂದು ಭಾವಿಸಬೇಕಾಗಿಲ್ಲ. ಬೆಳಗಿನ ಕಾಫಿಯಾದೊಡನೆ ಅದರ ಪುಟ್ಟ ಗಾಲಿಯನ್ನು ಒಂದಂಕಿ ತಿರುಗಿಸಿ, ಇಂಕ್ ಪ್ಯಾಡಿಗೆ ಒತ್ತಿ, ದಿನಚರಿಯ ಹೊಸ ಪುಟದ ಮೇಲೆ ಊರುವುದರಲ್ಲಿ ಒಂದು ಸೊಗಸಿದೆ. ಬರೆಯಲು ಏನೂ ತೋಚದಿದ್ದರೂ ಪುಟವು ಬರಿದಾಗಿ ಉಳಿಯದು. ತಿಂಗಳ ಕೊನೆಯಲ್ಲಿ ಮಾತ್ರ ಎಚ್ಚರ ಬೇಕು. ಮೊಹರಿಗೆ ಪಂಚಾಂಗ ತಿಳಿಯದು. ಜೂನ್ 31ನ್ನೂ ಅದು ನಿಸ್ಸಂಕೋಚವಾಗಿ ಒತ್ತೀತು!

1661ರಲ್ಲಿ ಇಂಗ್ಲೆಂಡಿನ ಅಂಚೆಯ ಮುಖ್ಯಾಧಿಕಾರಿ ಹೆನ್ರಿ ಬಿಷಪ್ ಪತ್ರಗಳ ಮೇಲೆ ತಿಂಗಳು, ತಾರೀಖುಗಳ ಮುದ್ರೆ ಒತ್ತಿಸತೊಡಗಿದುದು, ಅಂಚೆಯವರು ಓಲೆಗಳನ್ನು ತಡೆದಿಟ್ಟುಕೊಳ್ಳದಿರಲೆಂದು. ದೇಹದ ವಾರ್ತೆಯನ್ನು ತಡೆದಿಡುವವರಾದರೋ ನಾವೇ. ಧಾರವಾಡದಿಂದ ಮಗನ ಮನೆಗೆ ಬಂದ, ಮರಾಠಿಯರಿಯದ ವೃದ್ಧ ತಾಯಿಯನ್ನು ವೈದ್ಯರು "ಕಧೀಪಾಸೂನ್?" ಎಂದು ಕೇಳುತ್ತಾರೆ. ಮಗ ಕನ್ನಡದಲ್ಲಿ ಹೇಳಿದರೆ, "ಮೊನ್ನಿಯಿಂದ" ಎನ್ನುತ್ತಾಳೆ. ಆ ಮೊನ್ನೆಯು ಎರಡು ತಿಂಗಳ ಹಿಂದಿನದೂ ಆಗಿರಬಹುದು. ಎದೆನೋವಿನ ವಿಷಯದಲ್ಲಿ ಇದು ಸಣ್ಣ ತಪ್ಪಲ್ಲ. ಮೊಹರು ಬಿದ್ದ ಪುಟದಲ್ಲಿ ಅಂದಂದಿನ ರಕ್ತದೊತ್ತಡ, ಸಕ್ಕರೆಯ ಪ್ರಮಾಣ, ಏದುಸಿರು, ತಲೆಸುತ್ತುಗಳನ್ನು ಗುರುತಿಸಿಟ್ಟಿದ್ದರೆ ವೈದ್ಯರು ತಾವೇ ಎಣಿಸಿಕೊಳ್ಳುವರು. ಅಂಕಿಗಳಿಗೆ ದುಭಾಷಿಯ ಅಗತ್ಯವಿಲ್ಲ.

ಇನ್ಸುಲಿನ್ ಸೀಸೆಯನ್ನು ತೆರೆದ ದಿನವೂ ಅದರ ಪೆಟ್ಟಿಗೆಯ ಮೇಲೆ ಮೊಹರು ಬೀಳಲಿ. ಹಲವು ಬಗೆಯ ಇನ್ಸುಲಿನ್ ತೆರೆದ 28 ದಿನಗಳ ತರುವಾಯ ಬಳಕೆಗೆ ತಕ್ಕುದಲ್ಲ.