ಬೇಸಿಗೆ ರಜೆಯಲ್ಲಿ ನೀರು ಹಾಕುವವರು ಯಾರು?

ಕಾಲೇಜು ಆವರಣದಲ್ಲಿ ತೋಟ ಶುರು ಮಾಡುವ ಹುರುಪಿಗೆ ಎಲ್ಲಿಯೂ ಬರವಿಲ್ಲ. ಒಂದು ತಂಡದ ಹುಡುಗ ಹುಡುಗಿಯರು ಉತ್ಸಾಹದಿಂದ ಅಗೆದು, ಮಡಿ ಕಟ್ಟಿ, ಬಿತ್ತಿ, ಮೊದಲ ಬೆಂಡೆಕಾಯಿಯ ಫೋಟೋ ತೆಗೆಯುತ್ತಾರೆ. ಪರೀಕ್ಷೆ ಬರುತ್ತದೆ, ರಜೆ ಬರುತ್ತದೆ, ತಂಡ ಪದವಿ ಮುಗಿಸಿ ಹೊರಡುತ್ತದೆ. ಮರುವರ್ಷ ಅಲ್ಲಿ ಪಾರ್ಥೇನಿಯಂ ಎದೆಯೆತ್ತರ ನಿಂತಿರುತ್ತದೆ. ಹೀಗಾಗದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಾಳಿದ ವಿದ್ಯಾರ್ಥಿ ತೋಟವೊಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಕ್ರೂಸ್ ಆವರಣದಲ್ಲಿದೆ. ಅದು ಹುಟ್ಟಿದ ಕಥೆ ಸೊಗಸಾಗಿದೆ. ಉಳಿದುಕೊಂಡ ಕಥೆ ನಮ್ಮ ಕಾಲೇಜುಗಳಿಗೆ ಹೆಚ್ಚು ಬೇಕಾದದ್ದು.

ಸಾಂಟಾ ಕ್ರೂಸ್ ವಿಶ್ವವಿದ್ಯಾಲಯ ಶುರುವಾದದ್ದು 1965ರಲ್ಲಿ. ಕಟ್ಟಡಗಳು ಮುಗಿಯದೆ ಮೊದಲ ವಿದ್ಯಾರ್ಥಿಗಳು ಟ್ರೇಲರ್‌ಗಳಲ್ಲಿ ಉಳಿದುಕೊಂಡಿದ್ದರು. ಮಾಂಟೆರೆ ಕೊಲ್ಲಿಯತ್ತ ಇಳಿಯುವ ಗುಡ್ಡದ ಮೇಲ್ಭಾಗದಲ್ಲಿ ರೆಡ್‌ವುಡ್ ಮರಗಳ ಕಾಡು, ಕೆಳಗೆ ಹಿಂದೆ ದನ ಮೇಯುತ್ತಿದ್ದ ಹುಲ್ಲುಗಾವಲು, ನಡುವೆ ಹಳೆಯ ಸುಣ್ಣದ ಗೂಡುಗಳು. ಇಲ್ಲೊಂದು ತೋಟ ಬೇಕೆಂದು ತತ್ತ್ವಶಾಸ್ತ್ರದ ಅಧ್ಯಾಪಕ ಪಾಲ್ ಲೀ ಹೇಳುತ್ತಿದ್ದರು. ವಿಶ್ವವಿದ್ಯಾಲಯದ ಮೊದಲ ಮುಖ್ಯಸ್ಥ ಡೀನ್ ಮೆಕ್‌ಹೆನ್ರಿ ಒಪ್ಪಿದರು. ಮಾಡುವವರು ಯಾರು ಎಂಬ ಪ್ರಶ್ನೆಗೆ 1967ರಲ್ಲಿ ಅಲನ್ ಚಾಡ್ವಿಕ್ ಸಿಕ್ಕರು.

1909ರಲ್ಲಿ ಹುಟ್ಟಿದ ಈ ಇಂಗ್ಲಿಷ್ ಮನುಷ್ಯ ಷೇಕ್ಸ್‌ಪಿಯರ್ ನಾಟಕಗಳ ನಟ. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದವರು. ಆಮೇಲೆ ದಕ್ಷಿಣ ಆಫ್ರಿಕಾದಲ್ಲಿ ತೋಟಗಾರಿಕೆಯಲ್ಲಿ ತೊಡಗಿದ್ದರು. ಅಲ್ಲಿ ಪರಿಚಯವಾದವರು ಫ್ರೇಯಾ ಫಾನ್ ಮೋಲ್ಟ್ಕೆ. ಹಿಟ್ಲರನನ್ನು ವಿರೋಧಿಸಿ 1945ರ ಜನವರಿಯಲ್ಲಿ ಗಲ್ಲಿಗೇರಿದ ಹೆಲ್ಮುತ್ ಫಾನ್ ಮೋಲ್ಟ್ಕೆಯವರ ಪತ್ನಿ. ಯುದ್ಧ ಕಂಡ ಜಗತ್ತಿನಲ್ಲಿ ಎಳೆಯರ ಜೊತೆ ಒಂದು ತೋಟ ಮಾಡು ಎಂದು ಚಾಡ್ವಿಕ್‌ರನ್ನು ಒತ್ತಾಯಿಸಿ ಸಾಂಟಾ ಕ್ರೂಸ್ ಕಡೆ ತಿರುಗಿಸಿದವರು ಆಕೆಯೇ.

ಒಳ್ಳೆಯ ಸಮತಟ್ಟು ಜಾಗ ಎಷ್ಟೋ ಇದ್ದರೂ ಚಾಡ್ವಿಕ್ ಆರಿಸಿಕೊಂಡದ್ದು ನಾಲ್ಕು ಎಕರೆಯಷ್ಟು ಕಡಿದಾದ ಇಳಿಜಾರು. ಜಿಗುಟು ಮಣ್ಣು, ಕಲ್ಲು, ಮುಳ್ಳುಪೊದೆ, ಜೊತೆಗೆ ಪಾಯ್ಸನ್ ಓಕ್. ಅದು ನಮ್ಮ ಗೇರು, ಮಾವುಗಳ ಕುಟುಂಬಕ್ಕೇ ಸೇರಿದ ಗಿಡ. ಚೇರಿನ ಸೊನೆ ಸೋಕಿ ಮೈಯೆಲ್ಲ ಬೊಬ್ಬೆ ಎದ್ದವರಿಗೆ ಅದರ ಕಾಟ ವಿವರಿಸಬೇಕಿಲ್ಲ. ದಾರಿಯಲ್ಲಿ ಓಡಾಡುವ ಎಲ್ಲರ ಕಣ್ಣಿಗೆ ಬೀಳುವ ಜಾಗ ಅದಾಗಿತ್ತು. ಅಲ್ಲಿ ಆತ ಒಬ್ಬರೇ ಬೆಳಗಿನಿಂದ ಕತ್ತಲಾಗುವವರೆಗೆ ಅಗೆಯತೊಡಗಿದರು. ಯಾವ ಪ್ರಕಟಣೆಯನ್ನೂ ಹಾಕಲಿಲ್ಲ. ತರಗತಿಗೆ ಹೋಗುವ ದಾರಿಯಲ್ಲಿ ನಿಂತು ನೋಡಿದ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಇಳಿದು ಬಂದು ಸಲಿಕೆ ಹಿಡಿದರು. ವಿಯೆಟ್ನಾಂ ಯುದ್ಧದ ವರ್ಷಗಳವು. ಕೈಯಿಂದ ಏನಾದರೂ ಒಳ್ಳೆಯದನ್ನು ಮಾಡಬೇಕೆಂಬ ತಹತಹ ಆ ತಲೆಮಾರಿನಲ್ಲಿ ದಟ್ಟವಾಗಿತ್ತು.

ಚಾಡ್ವಿಕ್ ಕಲಿಸಿದ ಅಗೆತವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಆ ತೋಟದ ಎಲ್ಲವೂ ಅದರ ಮೇಲೆಯೇ ನಿಂತಿದೆ. ನಮ್ಮ ಗುದ್ದಲಿಯನ್ನು ಎತ್ತಿ ಬೀಸುತ್ತೇವೆ. ಅವರದು ಚಪ್ಪಟೆ ಅಲಗಿನ, ಪಾದದಿಂದ ಒತ್ತಿ ಇಳಿಸುವ ಸಲಿಕೆ. ಮಡಿಯ ಒಂದು ತುದಿಯಲ್ಲಿ ಅಡಿಯಗಲ, ಅಡಿಯಾಳದ ಸಾಲು ತೋಡಿ ಮಣ್ಣನ್ನು ಪಕ್ಕಕ್ಕಿಡುತ್ತಾರೆ. ಸಾಲಿನ ತಳವನ್ನು ಕವಲುಗೋಲಿನಿಂದ ಇನ್ನೊಂದು ಅಡಿ ಕೆದಕಿ ಸಡಿಲಿಸುತ್ತಾರೆ, ಆ ಕೆಳಮಣ್ಣನ್ನು ಮೇಲೆ ತರುವುದಿಲ್ಲ. ಪಕ್ಕದ ಸಾಲು ತೋಡಿದಾಗ ಬರುವ ಮಣ್ಣು ಮೊದಲ ಸಾಲಿಗೆ. ಹೀಗೆ ಕೊನೆಯವರೆಗೆ ಸಾಗಿ, ಮೊದಲಿಗೆ ಎತ್ತಿಟ್ಟ ಮಣ್ಣಿನಿಂದ ಕೊನೆಯ ಸಾಲನ್ನು ಮುಚ್ಚುತ್ತಾರೆ. ಎರಡಡಿ ಆಳ ಸಡಿಲಗೊಂಡ ಮಡಿ ತಾನಾಗಿ ಉಬ್ಬುತ್ತದೆ. ಮೇಲೆ ಕಾಂಪೋಸ್ಟ್ ಹರಡಿದ ಮೇಲೆ ಅದರ ಮೇಲೆ ಯಾರೂ ಕಾಲಿಡುವಂತಿಲ್ಲ. ಎರಡೂ ಬದಿಯಿಂದ ಕೈ ಚಾಚಿದರೆ ನಡುಭಾಗ ಸಿಗುವಷ್ಟೇ ಅಗಲ. ಸಸಿಗಳನ್ನು ಒತ್ತಾಗಿ ನೆಡುತ್ತಾರೆ. ಬೆಳೆದ ಎಲೆಗಳು ಒಂದಕ್ಕೊಂದು ತಾಗಿ ಮಣ್ಣಿಗೆ ನೆರಳಾಗುತ್ತವೆ, ತೇವ ಹಾರುವುದಿಲ್ಲ, ಕಳೆ ಏಳುವುದಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಪ್ಯಾರಿಸ್ ಸುತ್ತಲಿನ ತರಕಾರಿ ಬೆಳೆಗಾರರು ಊರಿನ ಕುದುರೆ ಲದ್ದಿ ಬಳಸಿ ಚಿಕ್ಕ ಜಾಗದಲ್ಲಿ ಬೆಳೆಯುತ್ತಿದ್ದ ಕ್ರಮವನ್ನೂ ರುಡಾಲ್ಫ್ ಸ್ಟೈನರ್‌ರ ಬಯೋಡೈನಾಮಿಕ್ ಚಿಂತನೆಯನ್ನೂ ಚಾಡ್ವಿಕ್ ಹೀಗೆ ಕೂಡಿಸಿದ್ದರು.

ಯಂತ್ರವಿಲ್ಲ, ರಸಗೊಬ್ಬರವಿಲ್ಲ, ಅಂಕಗಳೂ ಇಲ್ಲ. ವಿಜ್ಞಾನ ವಿಭಾಗಗಳಲ್ಲಿ ಈ ತೋಟದ ಬಗ್ಗೆ ಅನುಮಾನವಿತ್ತು. ಚಾಡ್ವಿಕ್‌ರ ಸಿಟ್ಟೂ ಪ್ರಸಿದ್ಧವೇ. ಅರೆಮನಸ್ಸಿನ ಕೆಲಸ ಕಂಡರೆ ಗುಡ್ಡ ಮಾರ್ದನಿಸುವಂತೆ ಗದರುತ್ತಿದ್ದರಂತೆ. ಆದರೂ ಅದೇ ಗುಡ್ಡ ಹೂವು ತರಕಾರಿಗಳಿಂದ ತುಂಬಿತು. ರಸ್ತೆ ಪಕ್ಕದ ಒಂದು ಚಿಕ್ಕ ಕಟ್ಟೆಯಲ್ಲಿ ಕೊಯ್ದ ಹೂಗಳನ್ನು ಇಟ್ಟರು, ಬೇಕಾದವರು ದುಡ್ಡಿಲ್ಲದೆ ಒಯ್ಯಬಹುದಿತ್ತು. ಈ ಒಂದು ನಡೆ ಯಾವ ವರದಿ, ಮನವಿಗಳಿಗಿಂತ ಹೆಚ್ಚು ಕೆಲಸ ಮಾಡಿತು ಎಂದೇ ನನ್ನ ನಂಬಿಕೆ. ಹಾಸ್ಟೆಲ್ ಕೋಣೆಯಲ್ಲಿ, ಕಚೇರಿಯ ಮೇಜಿನ ಮೇಲೆ ತೋಟದ ಹೂವಿದ್ದಾಗ ಆ ತೋಟವನ್ನು ಮುಚ್ಚಿಸಲು ಯಾರಿಗೂ ಕೈ ಏಳುವುದಿಲ್ಲ.

1970ರ ದಶಕದ ಆರಂಭದಲ್ಲಿ ಚಾಡ್ವಿಕ್ ಅಲ್ಲಿಂದ ಹೊರಟುಹೋದರು. ಬೇರೆ ಕಡೆಗಳಲ್ಲಿ ತೋಟ ಕಟ್ಟಿ, ಕೊನೆಗೆ ಗ್ರೀನ್ ಗಲ್ಚ್ ಎಂಬ ಝೆನ್ ಆಶ್ರಮದಲ್ಲಿ 1980ರಲ್ಲಿ ತೀರಿಕೊಂಡರು. ಒಬ್ಬ ವ್ಯಕ್ತಿಯ ಕಸುವಿನ ಮೇಲೆ ನಿಂತ ಕೆಲಸ ಆ ವ್ಯಕ್ತಿ ಹೋದ ದಿನದಿಂದಲೇ ಸೊರಗಬೇಕು. ಇಲ್ಲಿ ಸೊರಗಲಿಲ್ಲ. ಕಾರಣ ಎರಡು ವ್ಯವಸ್ಥೆಗಳು.

ಮೊದಲನೆಯದು ಪಂಚಾಂಗಕ್ಕೆ ಸಂಬಂಧಿಸಿದ್ದು. ಸಾಂಟಾ ಕ್ರೂಸ್‌ನಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಬೇಸಿಗೆ ಪೂರ್ತಿ ಒಣ. ಅಲ್ಲಿ ಟೊಮೆಟೊ, ಹುರುಳಿಕಾಯಿ ಬೆಳೆದು ನೀರು ಕೇಳುವ ಹೊತ್ತಿಗೆ, ಜೂನ್‌ನಲ್ಲಿ, ವಿದ್ಯಾರ್ಥಿಗಳು ಊರಿಗೆ ಹೋಗುತ್ತಾರೆ. ಆದ್ದರಿಂದ ತರಗತಿಯ ವೇಳಾಪಟ್ಟಿಯಿಂದ ಹೊರಗಿರುವ, ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಆರು ತಿಂಗಳ ತರಬೇತಿಯೊಂದು ರೂಪುಗೊಂಡಿತು. ಪ್ರತಿ ವರ್ಷ ಮೂವತ್ತು ನಲವತ್ತು ಮಂದಿ ಬಂದು, ಡೇರೆಗಳಲ್ಲಿ ಉಳಿದು, ಸರದಿಯಲ್ಲಿ ಎಲ್ಲರಿಗೂ ಅಡುಗೆ ಮಾಡಿ, ಬಿತ್ತನೆಯಿಂದ ಕೊಯ್ಲಿನವರೆಗೆ ಒಂದು ಪೂರ್ತಿ ಬೆಳೆಗಾಲವನ್ನು ಕೈಯಾರೆ ನಡೆಸುತ್ತಿದ್ದರು. ದಶಕಗಳ ಕಾಲ ನಡೆದ ಈ ತರಬೇತಿಯಲ್ಲಿ 1,500ಕ್ಕೂ ಹೆಚ್ಚು ಮಂದಿ ಪಳಗಿದರು. ಎರಡನೆಯದು, ಖಾಯಂ ತೋಟಗಾರ. 1970ರ ದಶಕದಲ್ಲಿ ಬಂದು ಸೇರಿದ ಓರಿನ್ ಮಾರ್ಟಿನ್ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಆ ಇಳಿಜಾರನ್ನು ನೋಡಿಕೊಂಡರು. ಯಾವ ಮಡಿಯಲ್ಲಿ ಹೋದ ವರ್ಷ ಏನಿತ್ತು, ಬೇರು ಕಡಿಯುವ ಗೋಫರ್ ಹೆಗ್ಗಣ ಎಲ್ಲಿಂದ ಬರುತ್ತದೆ, ಯಾವ ಸೇಬಿನ ಗಿಡವನ್ನು ಯಾವಾಗ ಸವರಬೇಕು ಎಂಬುದೆಲ್ಲ ಒಬ್ಬರ ತಲೆಯಲ್ಲಿ ಉಳಿಯಬೇಕು. ವಿದ್ಯಾರ್ಥಿಗಳು ಎಷ್ಟೇ ಜಾಣರಾದರೂ ನಾಲ್ಕು ವರ್ಷದಲ್ಲಿ ಅದು ಆಗದ ಮಾತು.

1971ರಲ್ಲಿ ಗುಡ್ಡದ ತಳದಲ್ಲಿ ಹೊಲವೂ ಶುರುವಾಯಿತು. ಈಗ ಅದು ಸುಮಾರು 30 ಎಕರೆ. 1982ರಲ್ಲಿ ಸ್ಟೀವ್ ಗ್ಲೀಸ್‌ಮನ್ ಕೃಷಿ ಪರಿಸರ ವಿಜ್ಞಾನದ ಕಾರ್ಯಕ್ರಮ ಕಟ್ಟಿದರು. ಅನುಮಾನ ಪಟ್ಟಿದ್ದ ವಿಶ್ವವಿದ್ಯಾಲಯದಲ್ಲೇ ಸಾವಯವ ಬೇಸಾಯ ಸಂಶೋಧನೆಯ ವಿಷಯವಾಯಿತು. ಸ್ಟ್ರಾಬೆರಿ ಹೊಲಗಳಿಗೆ ಮಣ್ಣು ಸುಡುವ ವಿಷಾನಿಲ ಹಾಯಿಸುತ್ತಿದ್ದ ಆ ಕರಾವಳಿಯಲ್ಲಿ, ವಿಷವಿಲ್ಲದೆ ಸ್ಟ್ರಾಬೆರಿ ಬೆಳೆಯುವ ಪ್ರಯೋಗವನ್ನು 1980ರ ದಶಕದಲ್ಲಿ ಅವರು ರೈತ ಜಿಮ್ ಕಾಕ್ರನ್ ಜೊತೆ ಸೇರಿ ಮಾಡಿದರು. ಇವತ್ತು ಅಲ್ಲಿನ ಫಸಲು ಆವರಣದ ಬುಡದ ಮಾರಾಟಗಾಡಿಗೂ, ಊಟಕ್ಕೆ ತೊಂದರೆಯಿರುವ ವಿದ್ಯಾರ್ಥಿಗಳಿಗೂ ಹೋಗುತ್ತದೆ. ಮಕ್ಕಳ ಮನೆಗೆಂದು ಸ್ಯಾನ್ ಹೋಸೆ ಕಡೆ ಹೋಗುವ ನಮ್ಮ ಹಿರಿಯರಿಗೆ ಗುಡ್ಡ ದಾಟಿದರೆ ಒಂದು ಗಂಟೆಯೊಳಗಿನ ದಾರಿ.

ಕಾಂಪೋಸ್ಟಿನ ವಿಷಯದಲ್ಲಿ ಮಾತ್ರ ನಾವು ಅವರಿಂದ ಕಲಿಯುವುದಕ್ಕಿಂತ ನೆನಪಿಸಿಕೊಳ್ಳುವುದಿದೆ. ಪದರ ಪದರವಾಗಿ ರಾಶಿ ಹಾಕಿ ಮಗುಚುವ ವಿಧಾನವನ್ನು ಆಲ್ಬರ್ಟ್ ಹೊವಾರ್ಡ್ ರೂಪಿಸಿದ್ದು ಇಂದೋರಿನಲ್ಲಿ. 1931ರಲ್ಲಿ ಅದರ ಪುಸ್ತಕ ಬಂತು. ಮಗುಚದೆ, ಗುಂಡಿಯಲ್ಲಿ ತುಂಬಿ ಮಣ್ಣಿನಿಂದ ಮುಚ್ಚಿಬಿಡುವ ವಿಧಾನವನ್ನು 1939ರಲ್ಲಿ ಸಿ. ಎನ್. ಆಚಾರ್ಯ ರೂಪಿಸಿದ್ದು ಬೆಂಗಳೂರಿನಲ್ಲೇ. ಜಗತ್ತಿನ ಕೃಷಿ ಪಠ್ಯಗಳಲ್ಲಿ ಅದಕ್ಕೆ ಬೆಂಗಳೂರು ವಿಧಾನವೆಂದೇ ಹೆಸರು. ಗೊಬ್ಬರ ಸಿದ್ಧವಾಗಲು ಆರೆಂಟು ತಿಂಗಳು ಹಿಡಿದರೂ ಆಳುಗಳು ಬೇಡ, ಮಗುಚುವವರು ರಜೆಗೆ ಹೋದರೂ ಚಿಂತೆಯಿಲ್ಲ. ಹಾಸ್ಟೆಲ್ ಅಡುಗೆಮನೆಯ ತರಕಾರಿ ಸಿಪ್ಪೆ, ಆವರಣದ ಹೊಂಗೆ ಎಲೆ, ಒಂದಿಷ್ಟು ಸಗಣಿ ಸೇರಿದರೆ ಕಾಲೇಜು ತೋಟಕ್ಕೆ ಹೇಳಿ ಮಾಡಿಸಿದ ಗುಂಡಿ ಅದು.

ನಮ್ಮ ಮಳೆಗಾಲ ಸಾಂಟಾ ಕ್ರೂಸ್‌ಗೆ ತದ್ವಿರುದ್ಧ. ರಜೆ ಹೆಚ್ಚಾಗಿ ಬೀಳುವುದು ನೀರಿಲ್ಲದ ಬೇಸಿಗೆಯಲ್ಲಿ, ಮಕ್ಕಳು ಮರಳುವ ಹೊತ್ತಿಗೆ ಮುಂಗಾರು. ಹಾಗಾಗಿ ಮಾರ್ಚ್ ಹೊತ್ತಿಗೆ ತರಕಾರಿ ಮುಗಿಸಿ, ಮಡಿಗಳಿಗೆ ದಪ್ಪ ಹೊದಿಕೆ ಹಾಕಿ, ಭರಣಿ ಮಳೆ ಬಿದ್ದಾಗ ಅಪ್ಸೆಣಬನ್ನೋ ಡಯಾಂಚವನ್ನೋ ಚೆಲ್ಲಿದರೆ ಸಾಕು. ಒಂದೂವರೆ ತಿಂಗಳಲ್ಲಿ, ಹೂ ಬಿಡುವ ಮುಂಚೆ, ಮರಳಿ ಬಂದ ವಿದ್ಯಾರ್ಥಿಗಳು ಅದನ್ನು ಮಣ್ಣಿಗೆ ಸೇರಿಸಿ ಹೊಸ ವರ್ಷ ಆರಂಭಿಸಬಹುದು. ಅಂಚಿನಲ್ಲಿ ನುಗ್ಗೆ, ಕರಿಬೇವು ಇದ್ದರೆ ಬೇಸಿಗೆಯಲ್ಲೂ ತೋಟದಲ್ಲಿ ಹಸಿರು ಇರುತ್ತದೆ. ಆ ಬೀಜ ಚೆಲ್ಲಲು, ವಾರಕ್ಕೊಮ್ಮೆ ಬೇಲಿ ನೋಡಲು ಊರಲ್ಲೇ ಇರುವ ಒಬ್ಬರು ಬೇಕು. ಆವರಣದ ಮಾಲಿಯೋ ಪಕ್ಕದ ಹಳ್ಳಿಯ ಅನುಭವಸ್ಥ ರೈತರೋ ಆಗಬಹುದು. ಅವರ ಸಂಬಳವನ್ನು ಮೊದಲ ಬೀಜ ಕೊಳ್ಳುವ ಮುಂಚೆಯೇ ಕಾಲೇಜಿನ ಆಯವ್ಯಯದಲ್ಲಿ ಬರೆದಿಡಬೇಕು. ಸೊಪ್ಪು ಮಾರಿ ಬರುವ ದುಡ್ಡಿನಲ್ಲಿ ಅದನ್ನು ಹೊಂದಿಸುವ ಲೆಕ್ಕ ಬೇಡ.