ಮೆಟ್ಟಿಲಿಲ್ಲದ ಜಾಗದಲ್ಲಿ ಒಂದು ಸಂಘ

ಸಂಘ ಕಟ್ಟುವುದು ಗದಗ ಸೀಮೆಗೆ ಹೊಸದಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಮೊದಮೊದಲ ಸಂಘಗಳಲ್ಲಿ ಅದೂ ಒಂದು. ಒಬ್ಬೊಬ್ಬರಾಗಿ ಸಾಹುಕಾರನ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ ರೈತರು ಕೂಡಿ ನಿಂತಾಗ ತಮ್ಮ ಸಾಲದ ವ್ಯವಸ್ಥೆ ತಾವೇ ಮಾಡಿಕೊಂಡರು. ಅಂಗವಿಕಲ ರೈತರಿಗೂ ಇದೇ ಲೆಕ್ಕ ಹೊಂದುತ್ತದೆ. ಆದರೆ ಇಲ್ಲಿ ಮೊದಲು ಕೂಡಿಸಬೇಕಾದ್ದು ದುಡ್ಡನ್ನಲ್ಲ, ಅನುಭವವನ್ನು.

ನಮ್ಮದು ಲಕ್ಷ್ಮೇಶ್ವರದ ಹತ್ತಿರದ ಹಳ್ಳಿ. ನಾಲ್ಕು ಎಕರೆ ಎರಿ ಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಬಿಳಿಜೋಳ. ನನ್ನ ಬಲಗಾಲು ಚಿಕ್ಕಂದಿನಲ್ಲೇ ಪೋಲಿಯೊದಿಂದ ಸೊರಗಿದೆ. ಊರುಗೋಲು ಹಿಡಿದೇ ಒಕ್ಕಲುತನ. ಸುತ್ತಲಿನ ಹಳ್ಳಿಗಳ ಹನ್ನೊಂದು ಮಂದಿ ಹದಿನೈದು ದಿನಕ್ಕೊಮ್ಮೆ ಸಂತೆಯ ದಿನ ಸೇರುತ್ತೇವೆ. ಸಂತೆಗೆ ಹೇಗೂ ಯಾರಾದರೂ ಗಾಡಿ ಕಟ್ಟಿರುತ್ತಾರೆ, ಬೇರೆ ಖರ್ಚಿಲ್ಲ. ಸಮುದಾಯ ಭವನಕ್ಕೆ ಮೂರು ಮೆಟ್ಟಿಲು. ಹಾಗಾಗಿ ಬೇವಿನ ಗಿಡದ ನೆರಳೇ ನಮ್ಮ ಸಭಾಭವನ.

ನಮ್ಮಲ್ಲಿ ನಲವತ್ತು ದಾಟಿದವರು ಹೆಚ್ಚಾಗಿ ಪೋಲಿಯೊದವರು. ದೇಶದಲ್ಲಿ ಸಹಜ ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ಈಗ ಹೊಸದಾಗಿ ಸೇರುವವರ ಕಥೆ ಬೇರೆ. ಬಣವೆಯ ಮೇಲಿಂದ ಬಿದ್ದವರು, ರಾಶಿ ಮಷಿನ್ನಿಗೆ ಕೈ ಕಳಕೊಂಡವರು, ಬೈಕಿನ ಅಪಘಾತದವರು. ನಿನ್ನೆವರೆಗೆ ಗಳೆ ಹೊಡೆದವನು ಇಂದು ಹಾಸಿಗೆಯಲ್ಲಿ. ಇಂಥವರಿಗೇ ಸಂಘ ಮೊದಲು ಬೇಕು.

ಬಲ್ಲವರ ಮಾತು

ಮೇವಿನ ಬಣವೆಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಹುಡುಗನೊಬ್ಬ ಆಸ್ಪತ್ರೆಯಿಂದ ಮನೆಗೆ ಬಂದಿದ್ದ. ಸೊಂಟದಿಂದ ಕೆಳಗೆ ಅರಿವಿಲ್ಲ. ಮನೆಯವರು ಅಳುತ್ತಾ ಉಣಿಸುತ್ತಿದ್ದರು, ಹಗಲೂ ರಾತ್ರಿ ಅಂಗಾತ ಮಲಗಿಸಿದ್ದರು. ಇಂಥದೇ ಪೆಟ್ಟು ತಿಂದು ಹನ್ನೆರಡು ವರ್ಷ ಬಾಳಿದ ನಮ್ಮ ಸಂಘದ ಅಣ್ಣ ಗಾಲಿಕುರ್ಚಿಯಲ್ಲೇ ಅವರ ಮನೆಗೆ ಹೋದ. ಮೊದಲು ಕೇಳಿದ್ದೇ, "ತಮ್ಮಾ, ಕುಂಡಿ ಮ್ಯಾಲೆ ಹುಣ್ಣಾಗೇತೇನು? ನಾಚಬ್ಯಾಡ, ನನಗೂ ಆಗಿತ್ತು." ಕೆಂಪು ಕಲೆ ಮೂಡಿತ್ತು, ಚರ್ಮ ಇನ್ನೂ ಒಡೆದಿರಲಿಲ್ಲ.

ಅರಿವಿಲ್ಲದ ದೇಹಕ್ಕೆ ಈ ಒತ್ತು ಹುಣ್ಣೇ ದೊಡ್ಡ ವೈರಿ. ನೋವಾಗುವುದಿಲ್ಲ, ಹಾಗಾಗಿ ಗೊತ್ತೂ ಆಗುವುದಿಲ್ಲ. ನಂಜೇರಿದರೆ ಜೀವಕ್ಕೇ ಅಪಾಯ. ನಮ್ಮ ಸಂಘ ಹುಟ್ಟುವ ಮೊದಲು ಪಕ್ಕದ ಊರಿನ ಒಬ್ಬ ರೈತ ಬಿದ್ದ ಪೆಟ್ಟಿನಿಂದ ಸಾಯಲಿಲ್ಲ, ಈ ಹುಣ್ಣಿನಿಂದ ಸತ್ತ.

ಅಣ್ಣ ಹೇಳಿಕೊಟ್ಟದ್ದು ಇಷ್ಟು. ಮಲಗಿದ್ದರೆ ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು. ಕುರ್ಚಿಯಲ್ಲಿದ್ದರೆ ಕಾಲು ತಾಸಿಗೊಮ್ಮೆ ಕೈಯೂರಿ ಮೈ ಎತ್ತಬೇಕು, ಇಲ್ಲವೇ ಮುಂದಕ್ಕೆ ಬಾಗಬೇಕು. ದಿನಾ ಸಂಜೆ ಕನ್ನಡಿ ಹಿಡಿದು ಕುಂಡಿ, ಬೆನ್ನು, ಹಿಮ್ಮಡಿ ನೋಡಬೇಕು. ಕೆಂಪಾದ ಕಡೆ ಭಾರ ಬೀಳಬಾರದು, ಅಲ್ಲಿ ತಿಕ್ಕಲೂಬಾರದು. ಗುಂಡಗಿನ ಟ್ಯೂಬಿನ ಮೇಲೆ ಕೂಡಿಸುವ ರೂಢಿ ಬಹಳ ಮಂದಿಗಿದೆ. ಅದು ಬೇಡ, ಸುತ್ತಲಿನ ರಕ್ತದ ಓಡಾಟಕ್ಕೆ ತಡೆಯಾಗುತ್ತದೆ. ದಪ್ಪನೆಯ ಮೆತ್ತೆ ಒಳ್ಳೆಯದು. ಚರ್ಮ ಒಡೆದರೆ ಮನೆಮದ್ದು ಮಾಡುತ್ತಾ ಕೂಡದೆ ಆಸ್ಪತ್ರೆಗೆ ಹೋಗಬೇಕು. ಅರಿವಿಲ್ಲದ ಕಾಲಿಗೆ ಬೇಸಿಗೆಯ ನೆಲವೂ ಸುಟ್ಟ ಗಾಯ ಮಾಡುತ್ತದೆ.

ಇದನ್ನು ವೈದ್ಯರೂ ಹೇಳುತ್ತಾರೆ. ಆದರೆ ಮೂತ್ರದ ನಳಿಕೆಯ ತೊಂದರೆ, ಮದುವೆಯ ಮಾತು, ರಾತ್ರಿಯ ಕೆಟ್ಟ ಯೋಚನೆ, ಇವನ್ನು ಹುಡುಗ ಬಾಯಿ ಬಿಟ್ಟದ್ದು ಅಣ್ಣನ ಮುಂದೆ ಮಾತ್ರ.

ಎರಿ ಮಣ್ಣಿನಲ್ಲಿ ಗಾಲಿ

ಹೊಲದ ಉಪಾಯಗಳೂ ಹೀಗೇ ಕೈಯಿಂದ ಕೈಗೆ ಬಂದವು. ಮಳೆಯಾದರೆ ಎರಿ ಮಣ್ಣು ಗಾಲಿಗೆ ಮೆತ್ತಿಕೊಂಡು ಕುರ್ಚಿ ಅಲ್ಲಾಡುವುದಿಲ್ಲ. ಒಬ್ಬರು ಮನೆಯಿಂದ ದನದ ಮನೆವರೆಗೆ ಕುರ್ಚಿಯ ಅಗಲಕ್ಕೆ ಗರಸು ಹಾಕಿಸಿ ದಾರಿ ಮಾಡಿದರು. ಕಣ್ಣು ಕಾಣದ ಅಕ್ಕ ಅದೇ ಅಂತರಕ್ಕೆ ಹಗ್ಗ ಕಟ್ಟಿಸಿ, ಅದನ್ನು ಹಿಡಿದು ಹೋಗಿ ಎಮ್ಮೆ ಹಿಂಡುತ್ತಾಳೆ. ಶೇಂಗಾ ಬಿಡಿಸುವುದರಲ್ಲಿ ಅವಳ ಕೈಗೆ ಸಮ ಯಾರೂ ಇಲ್ಲ. ನನ್ನ ಊರುಗೋಲಿನ ತುದಿಗೆ ಅಗಲ ರಬ್ಬರ್ ಬಿಲ್ಲೆ ಹಾಕಿದ ಮೇಲೆ ಹಸಿ ನೆಲದಲ್ಲಿ ಹುಗಿಯುವುದು ಕಡಿಮೆಯಾಯಿತು.

ನಮಗಿಂತ ಎಷ್ಟೋ ಮೊದಲೇ ಗದಗಿನ ವೀರೇಶ್ವರ ಪುಣ್ಯಾಶ್ರಮ ಈ ದಾರಿ ತೋರಿದೆ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ, ಅವರ ಶಿಷ್ಯರೂ ಕಣ್ಣಿಲ್ಲದವರೂ ಆದ ಪುಟ್ಟರಾಜ ಗವಾಯಿಗಳು 2010ರವರೆಗೆ ನಡೆಸಿದರು. ಅಲ್ಲಿ ಕಲಿತವರು ತಮ್ಮ ಅನ್ನ ತಾವು ದುಡಿದರು. ದಕ್ಷಿಣ ಕನ್ನಡದ ಕನ್ಯಾಡಿಯ ಸೇವಾಭಾರತಿ ಬೆನ್ನುಹುರಿ ಪೆಟ್ಟಿನವರಿಗಾಗಿ ಸೇವಾಧಾಮ ನಡೆಸುತ್ತಿದೆ. ಅದನ್ನು ಕಟ್ಟಿದ ವಿನಾಯಕ ರಾವ್ ಅವರೂ ಗಾಲಿಕುರ್ಚಿಯಲ್ಲಿರುವವರೇ.

ಕಟ್ಟುವುದು ಹೇಗೆ?

ಐದು ಮಂದಿ ಸಾಕು. ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನದಲ್ಲಿ (ನಮ್ಮಲ್ಲಿ 'ಸಂಜೀವಿನಿ') ಅಂಗವಿಕಲರ ಗುಂಪಿಗೆ ಐದೇ ಸದಸ್ಯರಿದ್ದರೂ ಆಗುತ್ತದೆ. ಹೆಣ್ಣು, ಗಂಡು ಇಬ್ಬರೂ ಇರಬಹುದು. ಮೊದಲು ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರನ್ನು ಕಾಣಿರಿ. ರಾಜ್ಯದ ಈ ಯೋಜನೆಯಲ್ಲಿ ಅಂಗವಿಕಲರನ್ನೇ ಈ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಯಾವ ಮನೆಯಲ್ಲಿ ಯಾರಿದ್ದಾರೆಂಬುದು ಅವರಿಗೆ ಗೊತ್ತು. 2016ರ ಕಾಯ್ದೆ 21 ಬಗೆಯ ಅಂಗವಿಕಲತೆಯನ್ನು ಗುರುತಿಸಿದೆ. ಯುಡಿಐಡಿ ಕಾರ್ಡ್ ಇಲ್ಲದವರು ಮೊದಲು ಅದನ್ನು ಮಾಡಿಸಿಕೊಳ್ಳಬೇಕು. ಪಂಚಾಯ್ತಿ ತನ್ನ ಸ್ವಂತ ವರಮಾನದ ಶೇ. 5ನ್ನು ಅಂಗವಿಕಲರಿಗಾಗಿ ಖರ್ಚು ಮಾಡಬೇಕು. ಒಬ್ಬನೇ ಕೇಳಿದರೆ "ನೋಡೋಣು" ಅನ್ನುತ್ತಾರೆ. ಹನ್ನೊಂದು ಮಂದಿ ಗ್ರಾಮಸಭೆಗೆ ಹೋಗಿ ಕೇಳಿದಾಗ ಲೆಕ್ಕದ ಪುಸ್ತಕ ತೆಗೆದರು.

ಉಳಿತಾಯ, ಸಾಲ ನಿಧಾನಕ್ಕೆ ಬರಲಿ. ಮೊದಲಿನ ನಾಲ್ಕಾರು ಸಭೆ ಬರೀ ಮಾತಿಗಿರಲಿ. ಜತೆಗೆ ಬಂದ ಮನೆಯವರು ಸ್ವಲ್ಪ ದೂರ ಕೂಡುವುದು ಒಳ್ಳೆಯದು. ಅವರೆದುರು ಎಲ್ಲ ಮಾತೂ ಹೊರಬೀಳುವುದಿಲ್ಲ. ಹೆಣ್ಣುಮಕ್ಕಳಿಗೆ ಬೇರೆ ಹೊತ್ತು ಕೊಡಿ. ಯಾರನ್ನೂ ಊನದ ಹೆಸರಿಡಿದು ಕರೆಯಬಾರದೆಂಬುದು ನಮ್ಮ ಮೊದಲ ಕರಾರು.

ಎಲ್ಲ ತೊಡಕೂ ಹರಿದಿಲ್ಲ. ಆ ಹುಡುಗನ ಪಾಲಿನ ಎರಡು ಎಕರೆಯನ್ನು ಅವನನ್ನು ಕೇಳದೆಯೇ ಲಾವಣಿಗೆ ಕೊಡಲು ಮನೆಯವರು ಹೊರಟಿದ್ದರು. ಸಂಘದ ಮೂವರು ಹೋಗಿ ಮಾತಾಡಿದೆವು. ಒಂದು ವರ್ಷ ತಡೆಯಲು ಒಪ್ಪಿದ್ದಾರೆ. ಕಾಲು ಹೋದರೆ ಒಕ್ಕಲುತನವೂ ಹೋಯಿತೆಂದು ಊರು ತಿಳಿಯುತ್ತದೆ. ಯಾವಾಗ ಬಿತ್ತಬೇಕು, ಯಾವ ಬೀಜ, ಯಾರಿಗೆ ಮಾರಬೇಕು ಎಂಬುದೆಲ್ಲ ತಲೆಯ ಕೆಲಸ. ಈ ಹಿಂಗಾರಿಗೆ ಕಡಲೆ ಹಾಕುವುದೆಂದು ನಿಶ್ಚಯ ಮಾಡಿದವನು ಅವನೇ. ಕೂರಿಗೆ ಅವನ ತಮ್ಮ ಹಿಡಿದ.

ನಿಮ್ಮ ಓಣಿಯಲ್ಲೂ ಬಾಗಿಲ ಹಿಂದೆ ಉಳಿದವರು ಒಬ್ಬರಾದರೂ ಇರುತ್ತಾರೆ. ಮುಂದಿನ ಸಂತೆಗೆ ಗಾಡಿ ಕಟ್ಟುವಾಗ ಅವರನ್ನೂ ಕರೆಯಿರಿ.