ಮುದ್ರೆ ನಿಜ, ಓಲೆ ಸುಳ್ಳು

ವಿಶಾಖದತ್ತನ ‘ಮುದ್ರಾರಾಕ್ಷಸ’ ನಾಟಕದಲ್ಲಿ ಚಾಣಕ್ಯನು ಅಮಾತ್ಯ ರಾಕ್ಷಸನ ಉಂಗುರವನ್ನು ಕೈವಶಮಾಡಿಕೊಂಡು, ತಾನೇ ಬರೆಯಿಸಿದ ಓಲೆಗೆ ಅದರ ಮುದ್ರೆಯನ್ನೊತ್ತಿಸಿದ ಪ್ರಸಂಗವನ್ನು ತಾವು ಬಲ್ಲಿರಿ. ಮುದ್ರೆ ಅಪ್ಪಟವಾದುದು, ಓಲೆಯ ಮಾತು ಮಾತ್ರ ರಾಕ್ಷಸನದಲ್ಲ. ಇಂದಿನ ಜಾಲತಾಣಗಳಲ್ಲಿಯೂ ಇಂಥದೇ ಮೋಸವೊಂದುಂಟು. ಕ್ರಾಸ್-ಸೈಟ್ ರಿಕ್ವೆಸ್ಟ್ ಫೋರ್ಜರಿ ಎಂದು ಅದರ ಹೆಸರು. ಕೂಟಲೇಖವೆಂಬ ಹಳೆಯ ಮಾತು ನಮ್ಮಲ್ಲಿರುವಾಗ ಇದನ್ನು ‘ಕೂಟವಿಜ್ಞಾಪನೆ’ ಎಂದರೆ ಸಲ್ಲುವುದೆಂದು ನನ್ನ ಎಣಿಕೆ.

ತಮ್ಮ ಶಾಲೆಯದೋ ಸಂಘದ್ದೋ ತಾಣವನ್ನು ತಾವು ನೋಡಿಕೊಳ್ಳುತ್ತಿದ್ದೀರಿ ಎನ್ನೋಣ. ಗುಪ್ತಪದ ಕೊಟ್ಟು ಒಳಹೊಕ್ಕೊಡನೆ ಆ ತಾಣವು ತಮ್ಮ ಬ್ರೌಸರಿಗೆ ಕುಕಿ ಎಂಬ ಗುರುತಿನ ಚೀಟಿಯನ್ನು ಕೊಡುತ್ತದೆ. ಮುಂದೆ ಅಲ್ಲಿಗೆ ಹೋಗುವ ಪ್ರತಿಯೊಂದು ಕೋರಿಕೆಯ ಜೊತೆಗೂ ಬ್ರೌಸರು ಆ ಚೀಟಿಯನ್ನು ತಾನಾಗಿಯೇ ಲಗತ್ತಿಸುವುದು. ಕೋರಿಕೆ ಹುಟ್ಟಿದ್ದೆಲ್ಲಿ ಎಂದು ವಿಚಾರಿಸುವುದು ಅದರ ಹಳೆಯ ಪದ್ಧತಿಯಲ್ಲಿರಲಿಲ್ಲ. ಆದ್ದರಿಂದ, ತಾವು ಹೊರಬರದೆ ಇನ್ನಾವುದೋ ಪುಟವನ್ನು ತೆರೆದಾಗ, ಅದರಲ್ಲಿ ಅಡಗಿದ ಅರ್ಜಿಯೊಂದು ತಮ್ಮ ತಾಣಕ್ಕೆ ‘ಹೊಸ ಆಡಳಿತಗಾರನನ್ನು ಸೇರಿಸು’ ಎಂದು ಆಜ್ಞೆ ಕಳುಹಿಸಿದರೆ ಚೀಟಿಯೂ ಜೊತೆಗೆ ಹೋದೀತು. ಗುಪ್ತಪದವನ್ನು ಯಾರೂ ಕದಿಯಲಿಲ್ಲ. ಕದಿಯುವ ಅಗತ್ಯವೇ ಬೀಳಲಿಲ್ಲ!

ತಾಣಗಳನ್ನು ನಡೆಸಲು ಲೋಕವೆಲ್ಲ ಬಳಸುವ ವರ್ಡ್‌ಪ್ರೆಸ್ ತಂತ್ರಾಂಶದ 5.1ನೆಯ ಆವೃತ್ತಿಯಲ್ಲಿ ಇಂಥ ಬಿರುಕಿತ್ತು. ಓದುಗರ ಅಭಿಪ್ರಾಯಗಳನ್ನು ಸ್ವೀಕರಿಸುವೆಡೆ ಈ ಪರೀಕ್ಷೆಯಿರಲಿಲ್ಲ. ಸಾಮಾನ್ಯರು ಬರೆದುದನ್ನು ಬಿಗಿಯಾಗಿ ಸೋಸುತ್ತಿದ್ದರು. ಆಡಳಿತಗಾರನದಾದರೆ ಜರಡಿ ಸಡಿಲ. ಆತನ ಹೆಸರಿನಲ್ಲಿ ಕೂಟ ಅಭಿಪ್ರಾಯವನ್ನು ಹಾಕಿಸಿ, ಅದರೊಳಗೆ ಆಜ್ಞಾವಳಿಯನ್ನು ನುಸುಳಿಸಿ, ಕಡೆಗೆ ತಾಣವನ್ನೇ ವಶಪಡಿಸಿಕೊಳ್ಳಬಹುದೆಂದು ಸಂಶೋಧಕರು ತೋರಿಸಿಕೊಟ್ಟರು. 2019ರ ಮಾರ್ಚ್ ತಿಂಗಳಿನಲ್ಲಿ ಬಂದ 5.1.1ನೆಯ ಆವೃತ್ತಿ ಇದನ್ನು ಮುಚ್ಚಿತು.

ಪರಿಹಾರವೇನೋ ಸರಳ. ತಾಣವು ತನ್ನ ಪ್ರತಿ ಅರ್ಜಿಯೊಳಗೂ ಒಂದು ಗುಟ್ಟಿನ ಅಕ್ಷರಮಾಲೆಯನ್ನು ಅಡಗಿಸಿಟ್ಟು, ಅದು ಮರಳಿ ಬಂದರೆ ಮಾತ್ರ ಕೆಲಸ ನಡೆಸುವುದು. ಪರತಾಣದ ಪುಟವು ಕೋರಿಕೆಯನ್ನು ಕಳುಹಿಸಬಲ್ಲುದೇ ಹೊರತು ನಮ್ಮ ಪುಟವನ್ನು ಓದಲಾರದು, ಬ್ರೌಸರು ಬಿಡದು. ಹೀಗಾಗಿ ಗುಟ್ಟು ಅದಕ್ಕೆ ಸಿಕ್ಕದು. ವರ್ಡ್‌ಪ್ರೆಸ್‌ನವರು ಇದನ್ನು ‘ನಾನ್ಸ್’ ಎನ್ನುತ್ತಾರೆ. ಒಂದೇ ಸಲ ಬಳಸತಕ್ಕದ್ದು ಎಂದು ಆ ಪದದ ಅರ್ಥ; ಅವರದು 24 ಗಂಟೆಗಳವರೆಗೂ ಬಾಳುತ್ತದೆ. ಹೆಸರಿಗೂ ಅರ್ಥಕ್ಕೂ ಹೊಂದಿಕೆಯಿಲ್ಲದ್ದು ನಮ್ಮಂಥವರಿಗೆ ಕಸಿವಿಸಿ!

2020ರಲ್ಲಿ ಕ್ರೋಮ್ ಬ್ರೌಸರು, ಪರತಾಣದಿಂದ ಹೊರಟ ಇಂಥ ಅರ್ಜಿಗಳಿಗೆ ಚೀಟಿಯನ್ನು ಲಗತ್ತಿಸದಿರುವುದನ್ನೇ ವಾಡಿಕೆಯಾಗಿಸಿತು. ಆದರೆ ಕೊಂಡಿಯನ್ನೊತ್ತಿ ಹೋದಾಗ ಚೀಟಿ ಇಂದಿಗೂ ಹೋಗುತ್ತದೆ. ಆದುದರಿಂದ ಕೆಲಸ ಮುಗಿದೊಡನೆ ತಾಣದಿಂದ ಹೊರಬನ್ನಿ, ಹೊಸ ಆವೃತ್ತಿ ಬಂದಾಗ ತಡಮಾಡದೆ ಹಾಕಿಸಿರಿ. ಬಿರುಕುಗಳು ಮೂಲ ತಂತ್ರಾಂಶಕ್ಕಿಂತ ಅದಕ್ಕೆ ಜೋಡಿಸುವ ಪ್ಲಗಿನ್ನುಗಳಲ್ಲಿಯೇ ಹೆಚ್ಚು. ಬಳಸದಿರುವುವನ್ನು ಇಂದೇ ತೆಗೆದುಹಾಕುವುದು ಲೇಸು.